ಕೆಂಪಲಕ್ಷ್ಮಮ್ಮನ ಒಪ್ಪತ್ತು

ಕೆಂಪಲಕ್ಷ್ಮಮ್ಮನ ಮನೆಗೆ ದೇವರುಗಳು ಒಬ್ಬೊಬ್ಬರಾಗಿ ಬಂದು ಸೇರಿಕೊಂಡರು. ಮೊದಲು ಬಂದವನು ಸೋಮವಾರದ ಈಶ್ವರ. ಆನೆಗಳು ಗದ್ದೆಗಿಳಿದು, ತೆನೆ ಬಂದಿದ್ದ ಭತ್ತವನ್ನು ತಿಂದದ್ದಕ್ಕಿಂತ ಹೆಚ್ಚಾಗಿ ತುಳಿದು ಹೋದ ವಾರವೇ ಅವಳು, "ಇನ್ಮ್ಯಾಕೆ ಸೋಮಾರ ನಂದು ಒಪ್ಪತ್ತು. ರಾತ್ರಿ ಊಟ ಬ್ಯಾಡ" ಎಂದು ಗಂಡನಿಗೂ ಮಗನಿಗೂ ಹೇಳಿಬಿಟ್ಟಳು. ಗಂಡ ಜವರಣ್ಣ ಒಳ್ಳೆಯದಾಯಿತು ಎಂದು ಕೂತಲ್ಲಿಂದಲೇ ಕೈಮುಗಿದ. ಕಾರ್ತೀಕ ಕಳೆಯುವ ಹೊತ್ತಿಗೆ ಶನಿವಾರಕ್ಕೆ ಶನಿಮಹಾತ್ಮ ಬಂದ. ಶುಕ್ರವಾರಕ್ಕೆ ಲಕ್ಷ್ಮಿ ಬಂದಳು. ಎಸ್ಟೇಟಿನ ಕೆಲಸವೂ ನಿಂತ ಮೇಲೆ ಗುರುವಾರಕ್ಕೆ ರಾಯರು ಬಂದರು. ಆ ವಂಶದಲ್ಲಿ ಒಬ್ಬರೂ ಮಂತ್ರಾಲಯದ ಬಸ್ಸು ಹತ್ತಿದವರಲ್ಲ, ಆದರೂ ರಾಯರು ಬಂದರು. ಮಂಗಳವಾರ ಮಾರಮ್ಮನ ಪಾಲಾಯಿತು.

ದೇವರುಗಳನ್ನು ದೂರಬೇಡಿ. ಅವರು ತಾವಾಗಿ ಬಂದವರಲ್ಲ, ಅಕ್ಕಿ ಡಬ್ಬದ ತಳ ಕಂಡಾಗಲೆಲ್ಲ ಕರೆಸಿಕೊಂಡವರು. ಮೂರು ತಟ್ಟೆಗೆ ಸಾಲದ ಅನ್ನ ಎರಡು ತಟ್ಟೆಗೆ ಸಾಲುತ್ತದೆ ಎಂಬುದು ಯಾವ ಹೆಂಗಸಿಗೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಆದರೆ "ನಂಗೆ ಬ್ಯಾಡ" ಎಂದು ಬರಿದೇ ಹೇಳಿದರೆ ಗಂಡಸರು ಒಂದು ದಿನ ಸುಮ್ಮನಿರುತ್ತಾರೆ, ಎರಡನೆಯ ದಿನ ಯಾಕೆ ಎನ್ನುತ್ತಾರೆ. ದೇವರ ಹೆಸರು ಹೇಳಿದರೆ ಯಾರೂ ಯಾಕೆ ಎನ್ನುವುದಿಲ್ಲ. ಜವರಣ್ಣ ಆನೆಗೆ ಹೆದರಿ ಓಡುವಾಗ ಚರಂಡಿಗೆ ಬಿದ್ದು ಮಂಡಿ ಮುರಿದುಕೊಂಡು ಜಗುಲಿ ಸೇರಿದ್ದ. ಮಗ ದೇವೇಂದ್ರ ಸಿಕ್ಕ ದಿನ ಮೂಟೆ ಹೊರುವವನು, ಅವನಿಗೆ ಹೊಟ್ಟೆ ತುಂಬಲೇಬೇಕು. ಉಳಿದವಳು ತಾನು. ಲೆಕ್ಕ ಅಷ್ಟು ಸುಲಭವಾಗಿತ್ತು.

ಊರು ಬಿಕ್ಕೋಡಿನಿಂದ ಒಳಕ್ಕೆ, ಕಾಫಿ ತೋಟಗಳ ಸೆರಗಿನಲ್ಲಿ. ಆನೆಗಳು ಈಗ ಕಾಡಿನಿಂದ ಬಂದು ಹೋಗುವ ನೆಂಟರಾಗಿ ಉಳಿದಿರಲಿಲ್ಲ, ತೋಟದಲ್ಲೇ ಬಿಡಾರ ಹೂಡಿದ್ದವು. ಬೆಳಗಾದರೆ ಮೊಬೈಲಿಗೆ ಮೆಸೇಜು ಬರುತ್ತಿತ್ತು, ಇಂಥ ತೋಟದಲ್ಲಿ ಆನೆಗಳಿವೆ, ಕೆಲಸಕ್ಕೆ ಹೋಗಬೇಡಿ ಎಂದು. ಹೋಗದಿದ್ದರೆ ಕೂಲಿ ಇಲ್ಲ. ಸೊಸೈಟಿ ಅಕ್ಕಿ ಬರುವ ಮನೆಗಳಲ್ಲೂ ಅದು ತಿಂಗಳ ಕೊನೆಯವರೆಗೆ ಸಾಲುತ್ತಿರಲಿಲ್ಲ. ಇವರ ಕಾರ್ಡಂತೂ ಯಾವ ಮಾಯದಲ್ಲೋ ಬಡವರ ಸಾಲಿನಿಂದ ಎದ್ದು ಹೋಗಿತ್ತು. ಯಾಕೆ ಎಂದು ಕೇಳಿದರೆ ಕಂಪ್ಯೂಟರಿನಲ್ಲಿ ಹಾಗೆ ಬಂದಿದೆ ಎಂದರು.

ಇಷ್ಟರ ನಡುವೆ ಒಂದು ಒಳ್ಳೆಯ ಸುದ್ದಿ ಬಂತು. ಪಕ್ಕದ ಮನೆಯ ಗಿಡ್ಡಯ್ಯ ಸಂಬಂಧ ಕುದುರಿಸುವುದರಲ್ಲಿ ಪಳಗಿದವನು. ಅವನು ಅರಸೀಕೆರೆ ಕಡೆಯ ಒಂದು ಹೆಣ್ಣನ್ನು ನೋಡಿ ಬಂದಿದ್ದ. ದೇವೇಂದ್ರನಿಗೆ ಮೂವತ್ತನಾಲ್ಕು ನಡೆಯುತ್ತಿತ್ತು. ಆ ಕೇರಿಯಲ್ಲಿ ಮೂವತ್ತು ದಾಟಿದ ಗಂಡುಗಳು ಮನೆಗೊಬ್ಬರಂತೆ ಇದ್ದರು, ಆನೆ ತಿರುಗುವ ಊರಿಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

"ಹುಡ್ಗಿ ಹೆಸ್ರು ರಾಣಿ. ಚಿನ್ನದಂಥ ಹುಡ್ಗಿ. ಆದ್ರೆ ಅವ್ರ ಕಡೆಯೋರು ಬಲು ಸೂಕ್ಷ್ಮ ಕಣಕ್ಕಾ," ಎಂದ ಗಿಡ್ಡಯ್ಯ. "ಒಪ್ಪೋಕ್ ಮುಂಚೆ ಯಾರ್ನಾದ್ರೂ ಕಳಿಸಿ ನೋಡಿಸ್ತಾರೆ. ನಾವು ಹೆಣ್ಣಿನ ಕಡೆಯೋರು ಅಂತ ಬಾಯ್ಬಿಟ್ಟು ಹೇಳಲ್ಲ. ಮನೇಲಿ ಉಣ್ಣೋಕ್ ತಿನ್ನೋಕ್ ಎಂಗವ್ರೆ ಅಂತ ವಿಚಾರ್ಸಿ ಹೋಗ್ತಾರೆ. ಉಷಾರು."

ಅದು ಹೊಸದೇನಲ್ಲ. ಹೋದ ವರ್ಷ ಪಕ್ಕದ ಬೀದಿಗೆ ಹಸು ಕೊಳ್ಳುವ ನೆಪದಲ್ಲಿ ಬಂದು, ಹಸುವಿನ ಹಲ್ಲು ನೋಡುವ ಬದಲು ಮನೆಯ ಸೂರು ನೋಡಿ ಹೋದವನು ಹೆಣ್ಣಿನ ಸೋದರಮಾವನಾಗಿದ್ದ.

ಹೀಗಿರುವಾಗ ಒಂದು ಬುಧವಾರ ಮಧ್ಯಾಹ್ನ ಒಂದು ಬೈಕು ಬಂದು ಮನೆ ಮುಂದೆ ನಿಂತಿತು. ಇಳಿದವರು ಇಬ್ಬರು. ಹೆಗಲಿಗೆ ಬ್ಯಾಗು ಹಾಕಿದ ಹುಡುಗಿ ಶಿಲ್ಪಶ್ರೀ, ಅವಳ ಜೊತೆ ಅರುಣ್‌ಕುಮಾರ್ ಎಂಬುವವನು. ಬೇಲೂರಿನ ಯಾವುದೋ ಟ್ರಸ್ಟಿನ ಹೆಸರು ಹೇಳಿದರು. ಮನೆಮನೆಗೆ ಹೋಗಿ ಊಟದ ವಿಷಯ ಕೇಳುವ ಸರ್ವೆಯಂತೆ. ಅಡುಗೆ ಮಾಡುವವರ ಹತ್ತಿರವೇ ಮಾತಾಡಬೇಕಂತೆ, ಅದೂ ಬೇರೆ ಯಾರೂ ಇಲ್ಲದಾಗ.

"ಸರ್ವೆ ಮಾಡಿದ್ರೆ ಏನ್ ಸಿಕ್ಕತ್ತವ್ವ?" ಎಂದಳು ಕೆಂಪಲಕ್ಷ್ಮಮ್ಮ.

"ಏನಾದ್ರೂ ಸಿಗತ್ತೆ ಅಂತ ನಾವು ಹೇಳೋ ಹಾಗಿಲ್ಲಮ್ಮ. ಹೇಳಿದ್ರೆ ಜನ ಅದಕ್ಕೆ ತಕ್ಕ ಹಾಗೆ ಉತ್ತರ ಕೊಡ್ತಾರೆ," ಎಂದಳು ಶಿಲ್ಪಶ್ರೀ.

ಏನೂ ಕೊಡದವರು ಬಿಸಿಲಲ್ಲಿ ಇಷ್ಟು ದೂರ ಬಂದು ಊಟ ಮಾಡಿದಿರಾ ಎಂದು ಕೇಳುತ್ತಾರೆಂದರೆ ಯಾರು ನಂಬುತ್ತಾರೆ? ಕೆಂಪಲಕ್ಷ್ಮಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ, "ಯಾವೂರವ್ವ ನಿಂದು?" ಎಂದಳು.

"ಅರಸೀಕೆರೆ ಹತ್ರ. ಬಾಣಾವರ."

ಅಲ್ಲಿಗೆ ಎಲ್ಲ ಬಗೆಹರಿಯಿತು. ಸರ್ವೆಯಂತೆ ಸರ್ವೆ! ಕೆಂಪಲಕ್ಷ್ಮಮ್ಮ ಚಾಪೆ ಹಾಸಿ ಕೂರಿಸಿ, ನೀರು ತರುವ ನೆಪದಲ್ಲಿ ಹಿತ್ತಿಲಿಗೆ ಹೋಗಿ, ಬೇಲಿಯ ಮೇಲಿಂದ ಗಿಡ್ಡಯ್ಯನ ಹೆಂಡತಿಗೆ ಕೂಗಿದಳು. ಆ ಹೆಂಗಸು ಗಂಡನಿಗೆ ಹೇಳಿದಳು, ಗಂಡ ಕೇರಿಗೆ ಹೇಳಿದ. ಅರಸೀಕೆರೆಯವರು ಬಂದವ್ರೆ, ಉಣ್ಣೋಕ್ ಇಲ್ಲ ಅನ್ನೋ ಮಾತು ಯಾರೂ ಆಡಬೇಡಿ. ಒಂದು ಮನೆಯ ಮಾನ ಹೋದರೆ ಕೇರಿಯ ಅಷ್ಟೂ ಗಂಡುಗಳ ಕತೆ ಮುಗಿಯಿತು ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಶಿಲ್ಪಶ್ರೀ ಮೊಬೈಲು ನೋಡಿಕೊಂಡು ಕೇಳತೊಡಗಿದಳು. "ಕಳೆದ ಒಂದು ವರ್ಷದಲ್ಲಿ, ಮನೇಲಿ ಊಟಕ್ಕೆ ಸಾಲದೆ ಹೋಗತ್ತೇನೋ ಅಂತ ನಿಮಗೆ ಚಿಂತೆ ಆಗಿದ್ದು ಉಂಟಾ?"

"ಅಯ್ಯೋ, ಎಲ್ಲಿಯ ಚಿಂತೆ ಬುಡವ್ವ. ದೇವ್ರು ಕೊಟ್ಟಂಗೈತೆ."

"ಸೊಪ್ಪು, ತರಕಾರಿ, ಬೇಳೆ, ಮೊಟ್ಟೆ, ಇವೆಲ್ಲ ತರೋಕಾಗದೆ ಬರೀ ಅನ್ನ ತಿಂದಿದ್ದು?"

"ನಮ್ಮನೇಲಿ ಬರೀ ಅನ್ನ ಯಾರ್ಗೂ ಗಂಟ್ಲಲ್ಲಿ ಇಳಿಯಾಕಿಲ್ಲ."

ಹಿಂದಿನ ರಾತ್ರಿ ಜವರಣ್ಣ ಉಪ್ಪು ಕಲಸಿಕೊಂಡ ಬರೀ ಅನ್ನವನ್ನೇ ಇಳಿಸಿದ್ದ. ಸುಳ್ಳು ಅಷ್ಟು ಸಲೀಸಾಗಿ ಬರುತ್ತಿರುವುದಕ್ಕೆ ಕೆಂಪಲಕ್ಷ್ಮಮ್ಮನಿಗೇ ಒಳಗೊಳಗೆ ಬೆರಗಾಯಿತು. ಖುಷಿಯೂ ಆಯಿತು ಎನ್ನಬೇಕು, ಮಗನ ಮದುವೆ ಒಂದೊಂದು ಉತ್ತರಕ್ಕೂ ಒಂದೊಂದು ಹೆಜ್ಜೆ ಹತ್ತಿರ ಬರುತ್ತಿರುವ ಹಾಗೆ ಅವಳಿಗೆ ಕಾಣುತ್ತಿತ್ತು.

"ಒಂದು ಹೊತ್ತಿನ ಊಟ ಬಿಟ್ಟಿದ್ದು ಉಂಟಾ ಅಮ್ಮ?"

"ಬಿಟ್ಟಿವ್ನಿ. ಒಪ್ಪತ್ತು ಮಾಡ್ತೀನಲ್ಲ." ಇಲ್ಲಿ ಮಾತ್ರ ಅವಳು ಸತ್ಯ ಹೇಳಿದಳು, ಹೆಮ್ಮೆಯಿಂದಲೇ ಹೇಳಿದಳು. ದೈವಭಕ್ತೆ ಅತ್ತೆ ಎಂದರೆ ಹೆಣ್ಣಿನ ಕಡೆಯವರಿಗೆ ಬೇಡವೇ? "ಸೋಮಾರ ಈಶ್ವರಂದು, ಮಂಗಳ್ವಾರ ಮಾರಮ್ಮಂದು, ಗುರುವಾರ ರಾಯರ್ದು, ಶುಕ್ರವಾರ ಲಕ್ಷ್ಮೀದು, ಶನಿವಾರ ಶನಿದೇವ್ರುದು."

ಅರುಣ್‌ಕುಮಾರ್ ನಕ್ಕ. "ಬುಧವಾರದ ದೇವರು ಏನು ತಪ್ಪು ಮಾಡಿದ್ನಮ್ಮ?"

ಶಿಲ್ಪಶ್ರೀ ನಗಲಿಲ್ಲ. ಅವಳು ಕೆಂಪಲಕ್ಷ್ಮಮ್ಮನ ಕೈಯನ್ನು ನೋಡುತ್ತಿದ್ದಳು. ಲೋಟ ಎತ್ತಿದಾಗ ಗಾಜಿನ ಬಳೆಗಳು ಮಣಿಕಟ್ಟಿನಿಂದ ಮೊಣಕೈವರೆಗೂ ಜಾರಿ ಹೋಗಿದ್ದವು. ಕೆಂಪಲಕ್ಷ್ಮಮ್ಮ ಸೆರಗಿನಿಂದ ಕೈ ಮುಚ್ಚಿಕೊಂಡಳು.

"ವ್ರತದ ಉಪವಾಸ ನಮ್ಮ ಲೆಕ್ಕಕ್ಕೆ ಬರಲ್ಲಮ್ಮ," ಎಂದಳು ಹುಡುಗಿ ಮೆಲ್ಲಗೆ. "ಇಲ್ಲದೆ ಬಿಟ್ಟಿದ್ದಾದ್ರೆ ಮಾತ್ರ ಬರತ್ತೆ. ವ್ರತ ಅಂತಾನೇ ಹಾಕ್ಲಾ?"

ಯಾರೂ ಈವರೆಗೆ ಕೆಂಪಲಕ್ಷ್ಮಮ್ಮನನ್ನು ಹಾಗೆ ಕೇಳಿರಲಿಲ್ಲ. ಆದರೆ ಕೇಳಿದವಳು ಅರಸೀಕೆರೆಯವಳಲ್ಲವೇ? "ವ್ರತನೇ ಕಣವ್ವ. ಹಾಕ್ಕೊ," ಎಂದಳು.

ಬೇಡ ಬೇಡವೆಂದರೂ ಬಿಡದೆ ಇಬ್ಬರಿಗೂ ಊಟ ಬಡಿಸಿ ಕಳಿಸಿದಳು. ರಾತ್ರಿಗೆ ತನಗಿದ್ದದ್ದು ಅದೇ ಅನ್ನ. ಹಾಗಾಗಿ ಆ ರಾತ್ರಿಯಿಂದ ಬುಧವಾರಕ್ಕೂ ಒಬ್ಬ ವಿಠಲ ಬಂದ.

ತಿಂಗಳೊಳಗೆ ನಿಜ ಹೊರಬಿತ್ತು. ದಿಣ್ಣೆಯಾಚೆಯ ಊರಿಗೆ ಲಾರಿ ಬಂತು. ಅಕ್ಕಿ, ಬೇಳೆ, ಎಣ್ಣೆ, ಮುಂದಿನ ಬೆಳೆ ಕೈಗೆ ಬರುವವರೆಗೂ ತಿಂಗಳು ತಿಂಗಳು ಕೊಡುತ್ತಾರಂತೆ. ಅಲ್ಲಿ ಆನೆ ಬಂದಿದ್ದು ಒಂದು ಸಲ, ಇಲ್ಲಿ ಬಿಡಾರವೇ ಹೂಡಿದೆ. ಆದರೂ ಲಾರಿ ಇವರ ಕೇರಿಯ ಮುಂದೆಯೇ ಹಾದು ಹೋಯಿತು, ನಿಲ್ಲಲಿಲ್ಲ. ವಿಚಾರಿಸಲು ಹೋದ ಗಿಡ್ಡಯ್ಯ ಮುಖ ಸಣ್ಣದು ಮಾಡಿಕೊಂಡು ಬಂದ. ಅವತ್ತು ಬೈಕಿನಲ್ಲಿ ಬಂದವರು ಹೆಣ್ಣಿನ ಕಡೆಯವರಲ್ಲ, ನಿಜವಾಗಿಯೂ ಟ್ರಸ್ಟಿನವರೇ. ಸುತ್ತಿನ ಹಳ್ಳಿಗಳಲ್ಲಿ ಹಸಿವು ಎಲ್ಲಿ ಎಷ್ಟಿದೆ ಎಂದು ಅಳೆಯಲು ಬಂದಿದ್ದರು. ಅವರ ಅಳತೆಯಲ್ಲಿ ಇವರ ಕೇರಿಯಷ್ಟು ಹೊಟ್ಟೆ ತುಂಬಿದ ಜಾಗ ತಾಲ್ಲೂಕಿನಲ್ಲೇ ಇರಲಿಲ್ಲ.

"ಈವಮ್ಮನೇ ಅಲ್ವಾ ಬೇಲಿ ಮ್ಯಾಲಿಂದ ಕೂಗಿದ್ದು," ಎಂದು ನಲ್ಲಿಯ ಹತ್ತಿರ ಯಾರೋ ಅಂದದ್ದು ಕೆಂಪಲಕ್ಷ್ಮಮ್ಮನ ಕಿವಿಗೆ ಬಿತ್ತು. ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಟ್ಟಳು. ನಾಚಿಕೆಯಿಂದ ಅವಳ ಕಿವಿ ಸುಡುತ್ತಿತ್ತು. ತನ್ನ ಮನೆಯ ಹಸಿವನ್ನು ಮುಚ್ಚಿಕೊಳ್ಳುವುದು ತನ್ನ ಪಾಡು. ಕೇರಿಯ ಮಕ್ಕಳ ಹಸಿವಿಗೂ ಮುಚ್ಚಳ ಹಾಕಿ ಬಂದಿದ್ದಳಲ್ಲ!

ಬೇಲೂರಿಗೆ ಹೋಗಿ, ನಾವು ಹೇಳಿದ್ದು ಸುಳ್ಳು ಎನ್ನಬಹುದಿತ್ತು. ಅದೇ ಆಗದ ಕೆಲಸವಾಗಿತ್ತು. ಅರಸೀಕೆರೆಯವರು ಬರುವ ಸೋಮವಾರ ಮನೆ ನೋಡಲು ಬರುತ್ತೇವೆಂದು ಹೇಳಿಕಳಿಸಿದ್ದರು. ಈಗ ಬಾಯಿಬಿಟ್ಟರೆ ಆ ಮಾತು ಬಾಣಾವರದ ಹುಡುಗಿಯ ಜೊತೆ ಅರಸೀಕೆರೆ ಮುಟ್ಟಲು ಎಷ್ಟು ಹೊತ್ತು? ಕೇರಿಯೇ ಹಲ್ಲು ಕಚ್ಚಿ ಸುಮ್ಮನಾಯಿತು. ಇಷ್ಟು ಕಳೆದುಕೊಂಡ ಮೇಲೆ ಹೆಣ್ಣಾದರೂ ಬರಲಿ, ಒಬ್ಬಳು ಬಂದರೆ ದಾರಿ ತೆರೆಯುತ್ತದೆ ಎಂದು ಸೋಮವಾರದ ಅಡುಗೆಗೆ ಒಬ್ಬೊಬ್ಬರೂ ಒಂದೊಂದು ತಂದುಕೊಟ್ಟರು. ಗಿಡ್ಡಯ್ಯ ಅಕ್ಕಿ ಕೊಟ್ಟ, ಮೂಲೆಮನೆಯವರು ಬೇಳೆ ಬೆಲ್ಲ ಕೊಟ್ಟರು, ಇನ್ನೊಬ್ಬರು ಹಪ್ಪಳ. ಯಾರ ಮನೆಯಲ್ಲೂ ಹೆಚ್ಚಾಗಿ ಇದ್ದದ್ದಲ್ಲ ಅದು. ಒಂದೊಂದು ಪಾತ್ರೆ ಒಳಗೆ ಬಂದಾಗಲೂ ಕೆಂಪಲಕ್ಷ್ಮಮ್ಮನಿಗೆ ಬಾಗಿಲಿಗೆ ಹೊರಗಿನಿಂದ ಚಿಲಕ ಬಿದ್ದ ಹಾಗಾಗುತ್ತಿತ್ತು.

ಸೋಮವಾರ ಹನ್ನೊಂದರ ಹೊತ್ತಿಗೆ ಕಾರು ಬಂತು. ಹುಡುಗಿಯ ತಂದೆ ಕೆಂಚಪ್ಪ, ತಾಯಿ ಲಲಿತಮ್ಮ, ಜೊತೆಗೆ ಒಂದಿಬ್ಬರು ಹಿರಿಯರು. ಗಂಡಸರು ನಡುಮನೆಯಲ್ಲಿ ಕೂತು ತೆಂಗಿನ ನುಸಿರೋಗ, ಆನೆ, ಅಡಿಕೆಯ ಧಾರಣೆ ಎಂದು ಮಾತು ಹಚ್ಚಿದರು. ದೇವೇಂದ್ರ ಇಸ್ತ್ರಿ ಹಾಕಿದ ಅಂಗಿಯಲ್ಲಿ ಗೋಡೆಗೊರಗಿ ನಿಂತಿದ್ದ. ಅವನ ಮುಖದಲ್ಲಿ ಅಷ್ಟು ಆಸೆಯನ್ನು ಅವನ ತಾಯಿ ಯಾವತ್ತೂ ಕಂಡಿರಲಿಲ್ಲ.

ಪಾಯಸ ಕುದಿಯುತ್ತಿತ್ತು. ಹಿತ್ತಿಲ ಬಾಗಿಲಲ್ಲಿ ನೆರಳಾಡಿತು. ಕೆಂಪಲಕ್ಷ್ಮಮ್ಮ ತಿರುಗಿದರೆ ಶಿಲ್ಪಶ್ರೀ.

"ಮುಂದೆ ಕಾರು ನಿಂತಿತ್ತು. ಅದಕ್ಕೆ ಹಿಂದಿನಿಂದ ಬಂದೆ," ಎಂದಳು. "ನಿಮ್ಮ ಕೇರೀಲಿ ಎಲ್ಲರೂ ಒಂದೇ ಥರ ಹೇಳಿದ್ರಿ, ಒಂದು ಮನೇಲೂ ಒಂದು ಕೊರತೆ ಇಲ್ಲ. ಆಫೀಸಲ್ಲಿ ಅನುಮಾನ ಬಂತು. ಒಂದು ಮನೆಗೆ ಮಾತ್ರ ಮತ್ತೆ ಹೋಗಿ ಕೇಳಿ ಅಂದಿದಾರೆ. ನಾನು ನಿಮ್ಮನೆ ಕೇಳಿ ತಗೊಂಡೆ ಅಮ್ಮ. ನೀವು ಬೇರೆ ಹೇಳಿದ್ರೆ ಇಡೀ ಕೇರೀನ ತಿರುಗಿ ಕೇಳ್ತಾರೆ. ಅವತ್ತು ಹೇಳಿದ್ದನ್ನೇ ಹೇಳಿದ್ರೆ ಇವತ್ತಿಗೆ ಮುಗೀತು."

"ಇವತ್ತೇ ಬರ್ಬೇಕಿತ್ತಾ ನೀನು?"

"ಇವತ್ತೇ ಕೊನೆ ದಿನ."

ಕೆಂಪಲಕ್ಷ್ಮಮ್ಮ ಒಲೆಯ ಮುಂದೆ ನಿಂತಳು. ಒಂದು ಬಾಗಿಲಲ್ಲಿ ಈ ಹುಡುಗಿ, ಇನ್ನೊಂದು ಬಾಗಿಲಾಚೆ ಮಗನ ಮದುವೆ. ಎರಡು ಬಾಗಿಲಿದ್ದೂ ಹೊರಗೆ ಹೋಗಲು ದಾರಿಯಿಲ್ಲ. ಯೋಚಿಸಲು ಹೊತ್ತು ಸಿಗುವ ಮೊದಲೇ ಲಲಿತಮ್ಮ ಕೈ ತೊಳೆಯುವ ನೆಪ ಮಾಡಿಕೊಂಡು ಒಳಗೆ ಬಂದರು. ಅಡುಗೆಮನೆ ನೋಡದೆ ಹೋಗುವ ತಾಯಿ ಎಲ್ಲಿದ್ದಾಳೆ? ಅವರ ಕಣ್ಣು ಪಾತ್ರೆಗಳ ಮೇಲೆ ಓಡಾಡಿ ತೃಪ್ತಿಪಟ್ಟಿತು.

"ಯಾರಿವ್ರು?" ಎಂದರು ಶಿಲ್ಪಶ್ರೀಯನ್ನು ಕಂಡು.

"ಹಿಂಗೇ... ಬೇಲೂರ್ನೋರು," ಎಂದಳು ಕೆಂಪಲಕ್ಷ್ಮಮ್ಮ.

ಲಲಿತಮ್ಮ ಹತ್ತಿರ ಬಂದು ಅವಳ ಕೈ ಹಿಡಿದುಕೊಂಡರು. ಒಳ್ಳೆಯ ಹೆಂಗಸು, ಅದು ಹಿಡಿತದಲ್ಲೇ ಗೊತ್ತಾಗುತ್ತಿತ್ತು. "ಗಿಡ್ಡಯ್ಯನೋರು ನಿಮ್ಮ ವಿಚಾರ ಎಲ್ಲಾ ಹೇಳಿದ್ರು. ವಾರವೆಲ್ಲಾ ಒಪ್ಪತ್ತಂತೆ. ಆನೆ ಊರು ಅಂತ ನಮ್ಮೋರು ಹಿಂದೆಮುಂದೆ ನೋಡ್ತಿದ್ರು. ನಾನೇ ಅಂದೆ, ಇಷ್ಟು ದೈವಭಕ್ತಿ ಇರೋ ಮನೇಲಿ ನನ್ ಮಗಳು ಚೆನ್ನಾಗಿರ್ತಾಳೆ ಅಂತ." ಸಂತೋಷದಿಂದ ಅವರ ದನಿ ಇಳಿಯಿತು. "ರಾಣಿಗೂ ಹೇಳಿವ್ನಿ. ಬಂದ ದಿನದಿಂದ ನಿಮ್ ಜೊತೆ ಅವ್ಳೂ ಎಲ್ಲಾ ಒಪ್ಪತ್ತೂ ಹಿಡೀತಾಳೆ. ಅತ್ತೆ ಮಾಡಿದಂಗೆ ಮಾಡವ್ವ ಅಂದ್ರೆ, ಹೂಂ ಅಂದ್ಲು."

ಕೆಂಪಲಕ್ಷ್ಮಮ್ಮ ಆ ಹುಡುಗಿಯನ್ನು ಫೋಟೋದಲ್ಲಿ ನೋಡಿದ್ದಳು. ದುಂಡು ಮುಖ, ಕೈತುಂಬ ಬಳೆ. ಈಗ ಆ ಹುಡುಗಿ ಇದೇ ಒಲೆಯ ಮುಂದೆ ಕೂತು ಗಂಡನಿಗೂ ಮಾವನಿಗೂ ಬಡಿಸಿ, ನಂಗೆ ಬ್ಯಾಡ ಇವತ್ತು ಸೋಮಾರ ಎನ್ನುವುದು ಕಣ್ಣಿಗೆ ಕಟ್ಟಿತು. ಹೊಟ್ಟೆಯಲ್ಲಿ ಕೂಸಿದ್ದರೂ ಅನ್ನುತ್ತಾಳೆ. ನಾಲ್ಕು ತಟ್ಟೆಗೆ ಸಾಲದ್ದು ಎರಡಕ್ಕೆ ಸಾಲುತ್ತದೆ. ತನಗೆ ಎಷ್ಟು ಅನುಕೂಲ! ಆ ಯೋಚನೆ ತನಗೇ ಬಂತಲ್ಲ!

"ಬ್ಯಾಡ," ಎಂದಳು.

"ಏನಮ್ಮ?"

"ನಿಮ್ಮುಡ್ಗಿ ಹಿಡಿಯಾದು ಬ್ಯಾಡ." ಕೈ ಬಿಡಿಸಿಕೊಂಡು ಶಿಲ್ಪಶ್ರೀಯ ಕಡೆ ತಿರುಗಿದಳು. ಲಲಿತಮ್ಮನ ಮುಖ ನೋಡಿಕೊಂಡು ಹೇಳುವ ಧೈರ್ಯ ಅವಳಿಗಿರಲಿಲ್ಲ. "ಬರ್ಕೊಳವ್ವ. ಅವತ್ತು ಕೇಳಿದ್ಯಲ್ಲ, ಇಲ್ದೆ ಬಿಟ್ಟಿದ್ದಾ ಅಂತ. ಇಲ್ದೇನೇ ಬಿಟ್ಟಿದ್ದು. ಸೋಮಾರನೂ ಇಲ್ದೇನೇಯ, ಶನಿವಾರನೂ ಇಲ್ದೇನೇಯ. ಯಾವ ದೇವ್ರೂ ನನ್ನ ಉಣ್ಬ್ಯಾಡ ಅಂದಿಲ್ಲ. ನಾನೊಬ್ಳೇ ಅಲ್ಲ, ಈ ಕೇರೀಲಿ ಎಲ್ರೂ ನಾನು ಹೇಳ್ಕೊಟ್ಟ ಸುಳ್ಳು ಹೇಳವ್ರೆ. ಅವ್ರುನ್ನ ತಿರ್ಗ ಕೇಳಿ."

ಶಿಲ್ಪಶ್ರೀ ಮೊಬೈಲಿನಲ್ಲಿ ಬೆರಳಾಡಿಸಿದಳು. ಕೇಳಬೇಕಾದ ಮಿಕ್ಕ ಪ್ರಶ್ನೆಗಳನ್ನೂ ಅಲ್ಲೇ, ತಗ್ಗಿದ ದನಿಯಲ್ಲಿ ಕೇಳಿದಳು. ಕೆಂಪಲಕ್ಷ್ಮಮ್ಮ ಪ್ರತಿಯೊಂದಕ್ಕೂ ಹೂಂ ಎಂದಳು. ಲಲಿತಮ್ಮ ಕೇಳುತ್ತ ನಿಂತಿದ್ದರು, ಹೊರಗೂ ಹೋಗಲಿಲ್ಲ.

ಹುಡುಗಿ ಹೋದ ಮೇಲೆ, "ಅಂಗಾರೆ ಇದೆಲ್ಲಾ?" ಎಂದರು, ಪಾಯಸ ಹಪ್ಪಳಗಳ ಕಡೆ ನೋಡಿ.

"ಕೇರೀದು. ಅಕ್ಕಿ ಗಿಡ್ಡಯ್ಯನ ಮನೇದು."

ಲಲಿತಮ್ಮ ನಡುಮನೆಗೆ ಹೋದರು.

ಊಟ ಸಾಂಗವಾಗಿ ನಡೆಯಿತು. ಗಂಡಸರು ಪಾಯಸ ಹೊಗಳಿದರು. ಲಲಿತಮ್ಮ ಎಲೆಯ ಮೂಲೆಯಲ್ಲಿ ಒಂದು ಹಿಡಿ ಅನ್ನ ಹಾಕಿಸಿಕೊಂಡು, ಎರಡನೆಯ ಸಲ ಬಡಿಸಲು ಬಂದಾಗ ಎಲೆಯ ಮೇಲೆ ಕೈ ಅಡ್ಡ ಹಿಡಿದರು. "ನಂಗೆ ಹಸಿವಿಲ್ಲಮ್ಮ," ಎಂದರು. ಹೊರಡುವಾಗ ಗಂಡನನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಕೆಂಚಪ್ಪ ಬಂದು ಜವರಣ್ಣನಿಗೆ ಕೈಮುಗಿದು, "ಮನೇಲಿ ಕೂತು ಮಾತಾಡಿ ಹೇಳಿ ಕಳಿಸ್ತೀವಿ," ಎಂದರು. ಹೇಳಿ ಕಳಿಸ್ತೀವಿ ಎಂದವರು ಹೇಳಿ ಕಳಿಸಿದ್ದನ್ನು ಆ ಕೇರಿಯಲ್ಲಿ ಯಾರೂ ಕಂಡಿರಲಿಲ್ಲ.

ಕಾರು ತಿರುವು ದಾಟಿದ ಮೇಲೆ ಗಿಡ್ಡಯ್ಯ ಅಂಗಳದಲ್ಲೇ ಕೂಗಾಡಿದ. ಅವನ ಹೆಂಡತಿ ಹಿತ್ತಿಲಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. "ಇನ್ನೊಂದ್ ಗಳಿಗೆ ಬಾಯಿ ಕಟ್ಕೊಂಡಿದ್ರೆ ಆಗ್ತಿತ್ತಲ್ಲಕ್ಕಾ! ನಿನ್ ಮಗಂಗೆ ನೀನೇ ಮಣ್ಣಾಕ್ದೆ!" ದೇವೇಂದ್ರ ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದ. ತಾಯಿಯ ಕಡೆ ನೋಡಲಿಲ್ಲ. ಕೆಂಪಲಕ್ಷ್ಮಮ್ಮನಿಗೆ ಅಳು ಬಂತು. ತಾನು ಮಾಡಿದ್ದು ಸರಿಯೆಂದು ಅವಳಿಗೆ ಅನ್ನಿಸಲಿಲ್ಲ. ಬೇರೆ ಮಾಡಲಾಗುತ್ತಿರಲಿಲ್ಲ ಎಂದಷ್ಟೇ ಅನ್ನಿಸಿತು.

ದೀಪ ಹಚ್ಚಿದ ಮೇಲೆ ಉಳಿದ ಅನ್ನ, ಸಾರು ಬಿಸಿ ಮಾಡಿದಳು. ಲಲಿತಮ್ಮ ಹಾಕಿಸಿಕೊಳ್ಳದೆ ಬಿಟ್ಟದ್ದೂ ಸೇರಿ ಪಾತ್ರೆಯಲ್ಲಿ ಸಾಕಷ್ಟಿತ್ತು. ಗಂಡನಿಗೆ ಬಡಿಸಿದಳು, ಮಗನಿಗೆ ಬಡಿಸಿದಳು. ಆಮೇಲೆ ಗೂಡಿನಿಂದ ಇನ್ನೊಂದು ತಟ್ಟೆ ತೆಗೆದು, ತೊಳೆದು, ಅದಕ್ಕೂ ಅನ್ನ ಹಾಕಿಕೊಂಡು ಅವರೆದುರು ಕೂತಳು.

ಮಂಡಿ ನೋವಿನ ಜವರಣ್ಣ ಮಧ್ಯಾಹ್ನದಿಂದ ಜಗುಲಿಯಲ್ಲೇ ಮಲಗಿದ್ದ. ಗಿಡ್ಡಯ್ಯನ ಕೂಗಾಟ ಅವನಿಗೆ ಅರ್ಧಂಬರ್ಧ ಮಾತ್ರ ಅರ್ಥವಾಗಿತ್ತು. ಅವನು ತುತ್ತು ಎತ್ತಿದವನು ಹಾಗೇ ನಿಲ್ಲಿಸಿ ಅವಳ ತಟ್ಟೆ ನೋಡಿದ.

"ಇವತ್ತು ಸೋಮಾರ ಅಲ್ವೇನೇ?"

"ಊಂ, ಸೋಮಾರವೇಯ," ಎಂದಳು ಕೆಂಪಲಕ್ಷ್ಮಮ್ಮ, ಅನ್ನ ಕಲಸುತ್ತ. "ನಂಗೆ ಹಸಿವಾಗೈತೆ. ಹೋದ ವರ್ಷದಿಂದ ಹಸಿವಾಗೈತೆ."

ಅವಳು ಉಣ್ಣತೊಡಗಿದಳು. ಗಂಡನೂ ಮಗನೂ ತಟ್ಟೆಯಲ್ಲಿ ಕೈಯಿಟ್ಟುಕೊಂಡು ಅವಳನ್ನೇ ನೋಡುತ್ತ ಕೂತರು.